ದೀಪ ಹಿಡಿದವಳು ಹಲ್ದಂಕರರ ಮಗಳು

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಂತವರು ಮೊದಲು ನೋಡುವುದು ಮುಖವನ್ನು. ನನ್ನ ಕಣ್ಣು ಮಾತ್ರ ಬೆರಳಲ್ಲೇ ಸಿಕ್ಕಿಕೊಂಡಿತು. ಒಂದು ಕೈಯಲ್ಲಿ ದೀಪ, ಆರದಿರಲೆಂದು ಇನ್ನೊಂದು ಕೈ ಅಡ್ಡ. ಬೆರಳುಗಳೊಳಗಿಂದ ಬೆಳಕು ತೂರಿ ಚರ್ಮ ಕೆಂಪಗೆ ಹೊಳೆಯುತ್ತದೆ. ಕರೆಂಟು ಹೋದಾಗ ಟಾರ್ಚಿಗೆ ಅಂಗೈ ಒತ್ತಿದವರಿಗೆಲ್ಲ ಗೊತ್ತಿರುವ ಅದೇ ಕೆಂಪು. ಜೊತೆಗೆ ಬಂದಿದ್ದ ನಮ್ಮೂರಿನ ಹಿರಿಯರು ಮೆಲ್ಲಗೆ ಕೇಳಿದರು: “ಹಿಂದ ಬಲ್ಬ್ ಹಚ್ಚ್ಯಾರೇನ್ರಿ?”

ನಮ್ಮ ಕೊಹಿನೂರ, ಬಸವಕಲ್ಯಾಣ, ಹುಮನಾಬಾದ ಕಡೆ ಇದರ ಪ್ರಿಂಟು ಕಂಡವರು “ರವಿವರ್ಮಂದು ಅದ” ಎಂದುಬಿಡುತ್ತಾರೆ. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಚಿತ್ರಶಾಲೆ ನಡೆಸಿದ ಎಸ್.ಎಲ್. ಹಲ್ದಂಕರ್ (1882–1968). ಕಾಲ 1945–46. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಗೀತಾ ಹುಟ್ಟಿದ್ದೇ ಅದಾಗಿ ಸುಮಾರು ಹತ್ತು ವರ್ಷಕ್ಕೆ! ಅದೇ ಅರಮನೆಯಲ್ಲಿ ರವಿವರ್ಮನ ಅಸಲಿ ಚಿತ್ರಗಳಿರುವುದು ಗೊಂದಲಕ್ಕೆ ಒಂದು ಕಾರಣ. ಸೀರೆಯುಟ್ಟ ಚೆಲುವೆಯರನ್ನೆಲ್ಲ ಅವನ ಲೆಕ್ಕಕ್ಕೇ ಬರೆಯುವ ನಮ್ಮ ಸೋಮಾರಿತನ ಇನ್ನೊಂದು.

ಇದು ಜಲವರ್ಣ ಎಂಬುದೇ ನನ್ನನ್ನು ಇನ್ನೂ ಬಿಟ್ಟಿಲ್ಲ. ತೈಲವರ್ಣವಾದರೆ ಮೊದಲು ಕತ್ತಲು ಬಳಿದು ಕೊನೆಗೆ ಬೆಳಕು ಏರಿಸಬಹುದು. ತಪ್ಪಿದರೆ ಕೆರೆದು ಮತ್ತೆ ಬಳಿಯಬಹುದು. ತೆಳು ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಹೊಳೆಯಬೇಕಾದ ಕಡೆ ಕುಂಚ ಮೊದಲೇ ಹಿಂದೆ ಸರಿದಿರಬೇಕು, ಸುತ್ತಲಿನ ಕತ್ತಲನ್ನು ಪದರ ಪದರವಾಗಿ ಕಟ್ಟಬೇಕು. ಒಂದು ಹನಿ ಜಾರಿದರೆ ಮುಖಕ್ಕೇ ಕಲೆ. ಇಂಥದ್ದರಲ್ಲಿ ಉಗುರಿನ ಸಂದಿಯ ಬೆಳಕನ್ನೂ ಬಿಡದೆ ಉಳಿಸಿಕೊಂಡಿದ್ದಾರೆ ಪುಣ್ಯಾತ್ಮ.

ಮಕ್ಕಳನ್ನೇ ಚಿತ್ರಕ್ಕೆ ನಿಲ್ಲಿಸಿಕೊಂಡವರಲ್ಲಿ ಹಲ್ದಂಕರ್ ಮೊದಲಿಗರೇನಲ್ಲ. ಇಂಗ್ಲೆಂಡಿನ ಥಾಮಸ್ ಗೇನ್ಸ್‌ಬರೊ 1756ರ ಸುಮಾರಿಗೆ, ಚಿಟ್ಟೆಯ ಹಿಂದೆ ಬಿದ್ದ ತನ್ನಿಬ್ಬರು ಹೆಣ್ಣುಮಕ್ಕಳನ್ನು ಬರೆದ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರ ಪೂರ್ತಿ ಮುಗಿದಿಲ್ಲ. ಚಿಟ್ಟೆ ಕೂತಿರುವುದು ಮುಳ್ಳುಗಿಡದ ಮೇಲೆ. ಕಿರಿಯವಳು ಕೈ ಚಾಚಿಯೇಬಿಟ್ಟಿದ್ದಾಳೆ. ಅಪ್ಪನ ದಿಗಿಲೆಲ್ಲ ಆ ಮುಳ್ಳಿನಲ್ಲಿದೆ ಎಂದು ನನಗನಿಸುತ್ತದೆ. ಹಲ್ದಂಕರರಿಗೆ ಆ ದಿಗಿಲಿಲ್ಲ. ಮಗಳಿಗಾಗಲೇ ಮೂವತ್ತರ ಆಸುಪಾಸು. ದೀಪ ಕಾಯುವುದು ಅವಳಿಗೆ ಚೆನ್ನಾಗಿ ಗೊತ್ತು.

ಗೀತಾ ಉಪ್ಲೇಕರ್ 2018ರ ಅಕ್ಟೋಬರಿನಲ್ಲಿ, 102ನೇ ವಯಸ್ಸಿನಲ್ಲಿ, ಕೊಲ್ಲಾಪುರದಲ್ಲಿ ತೀರಿಕೊಂಡರು. ಪ್ರಿಂಟು ಮಾರುವವರಿಗೆ ಅವರ ಅಪ್ಪನ ಹೆಸರು ಹಾಕಲು ಎಷ್ಟು ಶಾಯಿ ಬೇಕಿತ್ತು?