ಮಲೆನಾಡಿನ ಗೊಬ್ಬರವೂ ಉರುಳು ಪೀಪಾಯಿಯೂ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಹಳೆಯ ಒಕ್ಕಲುಮನೆಗಳಲ್ಲಿ ಕಸವೆಂಬ ಪದಾರ್ಥವು ಇದ್ದಿತೆಂದು ಹೇಳುವುದೇ ಕಷ್ಟ. ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ, ಎಲೆಯಲ್ಲಿ ಉಳಿದ ಅನ್ನ, ಹುಳಿತ ಮಜ್ಜಿಗೆ ಇವೆಲ್ಲವೂ ಅಕ್ಕಚ್ಚಿನ ಮರಿಗೆಯನ್ನು ಸೇರಿ ದನಗಳ ಬಾಯಿಗೆ ಹೋಗುತ್ತಿದ್ದುವು. ಅಂಗಳದ ಎಲೆ, ಹಿತ್ತಲಿನ ಕಳೆ, ಬೆಟ್ಟದಿಂದ ತಂದ ಸೊಪ್ಪು ಕೊಟ್ಟಿಗೆಯ ನೆಲದಲ್ಲಿ ಹಾಸಲ್ಪಟ್ಟು, ದನಗಳ ಗೊರಸಿನಡಿ ಸಗಣಿ ಗಂಜಳಗಳೊಡನೆ ಬೆರೆತು, ಗೊಬ್ಬರದ ಗುಂಡಿಯ ಮಾರ್ಗವಾಗಿ ಅಡಕೆಯ ಮರದ ಬುಡವನ್ನು ಸೇರುತ್ತಿದ್ದುವು. ಕಳೆದ ಕೆಲವು ದಶಕಗಳಲ್ಲಿ ಈ ಕ್ರಮವು ಸಡಿಲವಾಗಿದೆ. ಆಳುಗಳ ಅಭಾವದಿಂದಲೂ ಮಕ್ಕಳು ಪಟ್ಟಣಗಳಲ್ಲಿ ನೆಲಸಿದುದರಿಂದಲೂ ಅನೇಕ ಮನೆಗಳ ಕೊಟ್ಟಿಗೆಗಳು ಬರಿದಾಗಿವೆ. ಕೊಟ್ಟಿಗೆಯು ಬರಿದಾದೊಡನೆ ಅಡಿಗೆಮನೆಯ ಮೂಲೆಯಲ್ಲಿ ಒಂದು ಬಕೀಟು ಉಳಿಯಿತು. ಅದರಲ್ಲಿರುವುದು ಈಗ ಅಕ್ಕಚ್ಚಲ್ಲ, ಕಸ.

ಈ ಬಕೀಟಿಗೆ ಉತ್ತರವೆಂದು ಸೂಚಿಸಲ್ಪಡುವ ಸಾಧನಗಳಲ್ಲಿ ಶಾಖವನ್ನು ಹಿಡಿದಿಡುವ ಕವಚವುಳ್ಳ ಉರುಳು ಪೀಪಾಯಿಯು ಒಂದು. ಸ್ವೀಡನ್ ಮುಂತಾದ ಶೀತದೇಶಗಳಲ್ಲಿ, ಹಿಮ ಬೀಳುವ ತಿಂಗಳುಗಳಲ್ಲಿಯೂ ಮನೆಯ ಕಸವು ಕೊಳೆತು ಗೊಬ್ಬರವಾಗಲೆಂದು ಇದನ್ನು ಬಳಸುತ್ತಾರೆ. ಹಿಮವೆಂಬುದನ್ನೇ ಕಾಣದ ಮಲೆನಾಡಿಗೆ ಇಂತಹ ಸಾಧನವು ಏತಕ್ಕೆ ಬೇಕು, ಬೇಕಾದರೆ ಅದರಿಂದ ಎಷ್ಟರಮಟ್ಟಿನ ಕಾರ್ಯವನ್ನು ನಿರೀಕ್ಷಿಸಬಹುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ.

೧. ಪೂರ್ವಪದ್ಧತಿ

ಗೊಬ್ಬರದ ವಿಚಾರವು ಕನ್ನಡ ವಾಙ್ಮಯಕ್ಕೆ ಹೊಸದಲ್ಲ. ಕ್ರಿ. ಶ. ಸುಮಾರು ೧೦೨೫ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿರುವುದನ್ನು ವಾಚಕರು ಬಲ್ಲರು. ೧೮೦೧ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅಡಕೆ ತೋಟಗಳ ಕೃಷಿಯನ್ನು ವಿವರವಾಗಿ ವರ್ಣಿಸಿದ್ದಾನೆ. ತೋಟಕ್ಕೆ ಬೇಕಾದ ಸೊಪ್ಪನ್ನು ಒದಗಿಸುವ ಕಾಡಿಗೆ ‘ಸೊಪ್ಪಿನ ಬೆಟ್ಟ’ವೆಂದು ಹೆಸರು. ಬೆಟ್ಟವು ಸರ್ಕಾರದ್ದಾದರೂ ಸೊಪ್ಪು ದರಕುಗಳನ್ನು ಒಯ್ಯುವ ಸೌಲಭ್ಯವು ತೋಟದವನದು. ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದ ೭೯ನೆಯ ಪ್ರಕರಣದಲ್ಲಿ ಕಾನು ಮತ್ತು ಸೊಪ್ಪಿನ ಬೆಟ್ಟಗಳ ಈ ಸೌಲಭ್ಯಗಳು ಹೆಸರಿಸಲ್ಪಟ್ಟಿವೆ. ಗೊಬ್ಬರಕ್ಕಾಗಿ ಕಾಡಿನ ಮೇಲೆ ಕಾನೂನುಬದ್ಧವಾದ ಹಕ್ಕನ್ನು ಪಡೆದ ಕೃಷಿಯಿದು. ಅದಕ್ಕೆ ಗೊಬ್ಬರವೆಂಬುದು ಎಷ್ಟು ಅವಶ್ಯವಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಮಲೆನಾಡು ಗಿಡ್ಡವೆಂಬ ಸಣ್ಣ ಜಾತಿಯ ಹಸುವು ಕೊಡುವ ಹಾಲು ಅಲ್ಪ. ಆದರೂ ಒಂದೊಂದು ಮನೆಯಲ್ಲಿ ಹಲವು ದನಗಳನ್ನು ಸಾಕುತ್ತಿದ್ದುದು ಬಹುಮಟ್ಟಿಗೆ ಗೊಬ್ಬರಕ್ಕಾಗಿಯೇ. ಮಳೆಗಾಲದಲ್ಲಿ ಹಸಿ ಸೊಪ್ಪನ್ನೂ ಬೇಸಿಗೆಯಲ್ಲಿ ಒಣ ಎಲೆಯಾದ ದರಕನ್ನೂ ಕೊಟ್ಟಿಗೆಗೆ ಹಾಸುವುದು ರೂಢಿ. ಈ ಕೊಟ್ಟಿಗೆಯು ಗೊಬ್ಬರದ ದೃಷ್ಟಿಯಿಂದ ನಾಲ್ಕು ಕಾರ್ಯಗಳನ್ನು ನಡೆಸುತ್ತಿದ್ದಿತು: ಮೇಲಣ ಮಾಡು ಮಳೆಯನ್ನು ತಡೆಯುತ್ತಿದ್ದಿತು, ದನಗಳ ತುಳಿತವು ಹಸಿಯನ್ನೂ ಒಣಗಿದುದನ್ನೂ ಬೆರೆಸುತ್ತಿದ್ದಿತು, ಸೊಪ್ಪು ದರಕುಗಳು ಗಂಜಳವನ್ನು ಹೀರಿ ಅದರ ಸಾರವನ್ನು ಉಳಿಸುತ್ತಿದ್ದುವು, ಕಡೆಯದಾಗಿ, ದಿನದಿನಕ್ಕೆ ಬೆಳೆದ ರಾಶಿಯು ತನ್ನ ಗಾತ್ರದಿಂದಲೇ ಬಿಸಿಯನ್ನು ಕಾಪಾಡಿಕೊಳ್ಳುತ್ತಿದ್ದಿತು. ಈ ನಾಲ್ಕನ್ನು ನೆನಪಿನಲ್ಲಿಟ್ಟುಕೊಂಡರೆ ಪೀಪಾಯಿಯ ಮರ್ಮವು ಸುಲಭವಾಗಿ ತಿಳಿಯುವುದು.

೨. ಶಾಖದ ಮರ್ಮ

ಸಸ್ಯಪದಾರ್ಥವು ಗೊಬ್ಬರವಾಗುವುದು ಸೂಕ್ಷ್ಮಜೀವಿಗಳಿಂದ. ಅವು ಪದಾರ್ಥದಲ್ಲಿರುವ ಇಂಗಾಲವನ್ನು ಗಾಳಿಯ ಆಮ್ಲಜನಕದಿಂದ ದಹಿಸಿ ಬದುಕುತ್ತವೆ. ಈ ನಿಧಾನವಾದ ದಹನದಿಂದ ಶಾಖವು ಹುಟ್ಟುತ್ತದೆ. ಮೊದಲು ಸಾಧಾರಣ ಉಷ್ಣದಲ್ಲಿ ಬೆಳೆಯುವ ಜೀವಿಗಳು ಕೆಲಸಕ್ಕೆ ತೊಡಗುತ್ತವೆ. ಉಷ್ಣಮಾನವು ೪೫ ಸೆಂಟಿಗ್ರೇಡ್ ಡಿಗ್ರಿಯನ್ನು ದಾಟಿದ ಬಳಿಕ ಅವು ಹಿಂದೆ ಸರಿದು, ಬಿಸಿಯನ್ನೇ ಬಯಸುವ ಮತ್ತೊಂದು ವರ್ಗವು ಮುಂದೆ ಬರುತ್ತದೆ. ೫೫ರಿಂದ ೬೫ ಡಿಗ್ರಿಗಳ ನಡುವೆ ಕೊಳೆಯುವಿಕೆಯು ವೇಗವಾಗಿ ನಡೆಯುವುದಲ್ಲದೆ, ರೋಗಾಣುಗಳೂ ಕಳೆಯ ಬೀಜಗಳೂ ನೊಣದ ಹುಳುಗಳೂ ಬಹುಮಟ್ಟಿಗೆ ನಾಶವಾಗುತ್ತವೆ. ಮುಚ್ಚಿದ ಪಾತ್ರೆಯಲ್ಲಿ ೫೫ ಡಿಗ್ರಿಯು ಎಡೆಬಿಡದೆ ಮೂರು ದಿನ ನಿಲ್ಲಬೇಕೆಂಬುದು ಅಮೆರಿಕ ಮೊದಲಾದ ದೇಶಗಳಲ್ಲಿ ಅಂಗೀಕೃತವಾದ ಅಳತೆ.

ಹುಟ್ಟಿದ ಶಾಖವು ಉಳಿಯುವುದೋ ಹೋಗುವುದೋ ಎಂಬುದು ರಾಶಿಯ ಗಾತ್ರವನ್ನು ಅವಲಂಬಿಸಿದೆ. ಶಾಖವು ಹುಟ್ಟುವುದು ಒಡಲಿನಲ್ಲಿ, ಹೋಗುವುದು ಮೈಯಿಂದ. ಎಲ್ಲ ಕಡೆಯೂ ಒಂದು ಮೀಟರಿರುವ ಚೌಕಟ್ಟಾದ ರಾಶಿಗೆ ಒಡಲು ಒಂದು ಘನಮೀಟರು, ಹೊರಮೈ ಆರು ಚದರಮೀಟರು. ಅರ್ಧ ಮೀಟರಿನ ರಾಶಿಗೆ ಒಡಲು ಎಂಟನೆಯ ಒಂದು ಪಾಲಾದರೆ, ಹೊರಮೈ ಒಂದೂವರೆ ಚದರಮೀಟರು, ಎಂದರೆ ನಾಲ್ಕನೆಯ ಒಂದು ಪಾಲು. ಒಡಲಿಗೆ ಹೋಲಿಸಿದರೆ ಚಿಕ್ಕ ರಾಶಿಯ ಮೈ ದೊಡ್ಡದರ ಎರಡರಷ್ಟಾಯಿತು. ಆದುದರಿಂದಲೇ ತೆರೆದ ರಾಶಿಯು ಒಂದು ಮೀಟರಿಗಿಂತ ಕಿರಿದಾಗಿರಬಾರದೆಂದು ಬಲ್ಲವರು ಹೇಳುವರು. ನಾಲ್ಕೈದು ಜನರ ಸಂಸಾರದ ಅಡಿಗೆಮನೆಯಿಂದ ಇಷ್ಟು ದೊಡ್ಡ ರಾಶಿಯು ಒಮ್ಮೆಲೇ ದೊರೆಯುವುದಿಲ್ಲ.

ಮಲೆನಾಡಿನಲ್ಲಿ ಇದಕ್ಕೆ ಮಳೆಯ ತೊಡಕೂ ಸೇರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಸರಾಸರಿ ವಾರ್ಷಿಕ ಮಳೆಯು ೭,೦೦೦ ಮಿಲಿಮೀಟರುಗಳನ್ನು ಮೀರಿದೆ; ಹೊಸನಗರ ತಾಲ್ಲೂಕಿನ ಹುಲಿಕಲ್ಲೂ ಅತಿವೃಷ್ಟಿಗೆ ಹೆಸರಾದುದೇ. ಜೂನಿನಿಂದ ಸೆಪ್ಟೆಂಬರಿನವರೆಗೆ ತೆರೆದ ಗುಂಡಿಗೆ ನೀರು ತುಂಬಿದರೆ ಮೂರು ಬಗೆಯ ಹಾನಿಯುಂಟು. ಮೊದಲನೆಯದಾಗಿ, ರಂಧ್ರಗಳಲ್ಲಿದ್ದ ಗಾಳಿಯನ್ನು ನೀರು ಹೊರದೂಡುವುದರಿಂದ ಆಮ್ಲಜನಕವಿಲ್ಲದೆ ಬದುಕುವ ಜೀವಿಗಳು ಹೆಚ್ಚಿ ದುರ್ನಾತವು ಹುಟ್ಟುತ್ತದೆ. ಎರಡನೆಯದಾಗಿ, ನೀರನ್ನು ಕಾಯಿಸುವುದಕ್ಕೂ ಆವಿಯಾಗಿಸುವುದಕ್ಕೂ ಶಾಖವು ವ್ಯಯವಾಗಿ ರಾಶಿಯು ತಣ್ಣಗಾಗುತ್ತದೆ. ಮೂರನೆಯದಾಗಿ, ಸಾರಜನಕ ಮತ್ತು ಪೊಟ್ಯಾಷು ನೀರಿನಲ್ಲಿ ಕರಗಿ ಹಳ್ಳ ಸೇರುತ್ತವೆ. ಹಿಮದೇಶದವರ ಶತ್ರುವು ಚಳಿ, ಮಲೆನಾಡಿನವರ ಶತ್ರುವು ನೀರು. ರಾಶಿಯ ಪಾಲಿಗೆ ಎರಡರ ಫಲವೂ ಒಂದೇ.

೩. ಇಂದೂರು ಕ್ರಮ, ಬೆಂಗಳೂರು ಕ್ರಮ

ಭಾರತದಲ್ಲಿ ಈ ವಿಷಯವು ಶಾಸ್ತ್ರೀಯವಾಗಿ ಪರಿಶೋಧಿಸಲ್ಪಟ್ಟುದು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. ಆಲ್ಬರ್ಟ್ ಹೋವರ್ಡನು ೧೯೨೪ರಿಂದ ೧೯೩೧ರವರೆಗೆ ಇಂದೂರಿನಲ್ಲಿ ರೂಪಿಸಿ, ಯಶವಂತ ವಾಡ್ ಎಂಬವರೊಡನೆ ೧೯೩೧ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಕ್ರಮಕ್ಕೆ ಇಂದೂರು ಕ್ರಮವೆಂದು ಹೆಸರು. ಸಸ್ಯಶೇಷವನ್ನೂ ಸಗಣಿಯನ್ನೂ ಪದರಪದರವಾಗಿ ಹರಡಿ, ಆಗಾಗ್ಗೆ ಮಗುಚಿ, ಗಾಳಿಯಾಡಿಸುವುದು ಅದರ ಸಾರ. ಸುಮಾರು ಮೂರು ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುವುದಾದರೂ ಕೂಲಿಯ ಶ್ರಮವು ಹೆಚ್ಚು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು ೧೯೩೯ರಲ್ಲಿ ರೂಪಿಸಿದ ಬೆಂಗಳೂರು ಕ್ರಮವು ಇದಕ್ಕೆ ಪ್ರತಿಯಾದುದು. ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಗಳಾಗಿ ತುಂಬಿ ಮೇಲೆ ಮಣ್ಣನ್ನು ಮೆತ್ತುವರು, ಮಗುಚುವ ಕೆಲಸವಿಲ್ಲ. ಮೊದಲ ಎಂಟು ಹತ್ತು ದಿನ ಒಳಗಿರುವ ಗಾಳಿಯಿಂದ ರಾಶಿಯು ಕಾಯುತ್ತದೆ, ತರುವಾಯ ಗಾಳಿಯಿಲ್ಲದೆಯೇ ನಿಧಾನವಾಗಿ ಕೊಳೆಯುತ್ತದೆ. ಮಣ್ಣಿನ ಹೊದಿಕೆಯು ಶಾಖವನ್ನೂ ತೇವವನ್ನೂ ಉಳಿಸಿ ನೊಣಗಳನ್ನು ತಡೆಯುವುದು; ಆದರೆ ಕಾಲವು ಆರೆಂಟು ತಿಂಗಳಾದರೂ ಹಿಡಿಯುವುದು. ಮೊದಲನೆಯದು ಗಾಳಿಯನ್ನು ಸಾಧಿಸಿ ಹೊದಿಕೆಯನ್ನು ಬಿಟ್ಟಿತು. ಎರಡನೆಯದು ಹೊದಿಕೆಯನ್ನು ಸಾಧಿಸಿ ಗಾಳಿಯನ್ನು ಬಿಟ್ಟಿತು. ಇವೆರಡನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸುವ ಪ್ರಯತ್ನವೇ ಉರುಳು ಪೀಪಾಯಿ.

೪. ಪೀಪಾಯಿಯ ರಚನೆ ಮತ್ತು ಬಳಕೆ

ಈ ಪೀಪಾಯಿಯು ನೆಲದಿಂದ ಮೇಲೆ, ಒಂದು ಚೌಕಟ್ಟಿನ ನಡುವೆ ಅಚ್ಚಿನ ಮೇಲೆ ಕುಳಿತಿರುತ್ತದೆ. ಹೊರಗೆ ತಗಡು, ಒಳಗೆ ಶಾಖವನ್ನು ಸುಲಭವಾಗಿ ಹಾಯಿಸದ ನೊರೆಯಂತಹ ವಸ್ತುವಿನ ಗೋಡೆ, ಗಾಳಿಗಾಗಿ ಕೆಲವು ರಂಧ್ರಗಳು. ಒಳಭಾಗವನ್ನು ಎರಡು ಅರೆಗಳಾಗಿ ವಿಂಗಡಿಸಿರುವುದುಂಟು: ಒಂದು ಅರೆಯು ತುಂಬುತ್ತಿರುವಾಗ ಇನ್ನೊಂದರಲ್ಲಿ ಹಿಂದಿನದು ಹಣ್ಣಾಗುತ್ತಿರುತ್ತದೆ. ಕಸವನ್ನು ಹಾಕಿದಾಗಲೆಲ್ಲ ನಾಲ್ಕಾರು ಸುತ್ತು ತಿರುಗಿಸಿದರೆ ಹಳೆಯದೂ ಹೊಸದೂ ಬೆರೆತು ಗಾಳಿಯು ಒಳಸೇರುವುದು. ದನದ ಗೊರಸು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕೈ ಮಾಡುತ್ತದೆ. ಮಾಡಿನ ಕೆಲಸವನ್ನು ಮುಚ್ಚಳವೂ, ದೊಡ್ಡ ರಾಶಿಯ ಕೆಲಸವನ್ನು ಕವಚವೂ ಮಾಡುತ್ತವೆ. ಇಲಿ, ಹಂದಿ, ನಾಯಿಗಳ ಬಾಧೆಯೂ ಇಲ್ಲ.

ಆದರೆ ಕೊಟ್ಟಿಗೆಯ ಮೂರನೆಯ ಕಾರ್ಯವನ್ನು, ಎಂದರೆ ಸೊಪ್ಪು ದರಕುಗಳ ಕಾರ್ಯವನ್ನು, ಯಾವ ಯಂತ್ರವೂ ಮಾಡಲಾರದು. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದರಿಂದ ಮೂವತ್ತು ಪಾಲು ಇಂಗಾಲವು ಹಿತ. ಅಡಿಗೆಮನೆಯ ಕಸದಲ್ಲಿ ಸಾರಜನಕವೂ ನೀರೂ ಅಧಿಕ. ಒಣ ಎಲೆಯಲ್ಲಿ ಇಂಗಾಲವು ಅಧಿಕ. ಆದುದರಿಂದ ಒಂದು ಪಾತ್ರೆ ಕಸಕ್ಕೆ ಅದೇ ಅಳತೆಯ ಒಂದರಿಂದ ಎರಡು ಪಾತ್ರೆ ಪುಡಿಮಾಡಿದ ದರಕನ್ನು ಬೆರೆಸಬೇಕು. ಒಂದು ಹಿಡಿಯನ್ನು ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಮಾತ್ರ ಕಾಣಬೇಕು. ಧಾರೆಯಾಗಿ ಇಳಿದರೆ ದರಕು ಸಾಲದು, ಏನೂ ಕಾಣದಿದ್ದರೆ ನೀರು ಸಾಲದು. ಕೆಟ್ಟ ವಾಸನೆಗೆ ಮದ್ದು ದರಕು ಮತ್ತು ಗಾಳಿ. ಬಿಸಿಯೇರದಿದ್ದರೆ ಹಸಿಯ ಕಸ ಅಥವಾ ಸ್ವಲ್ಪ ಸಗಣಿ. ಅರೆಯನ್ನು ಮುಕ್ಕಾಲಿಗಿಂತ ಹೆಚ್ಚಾಗಿ ತುಂಬಿದರೆ ಉರುಳಿಸಿದರೂ ಬೆರೆಯುವುದಿಲ್ಲ. ಒಳಗಿನ ಬಿಸಿಯು ಇಳಿದ ಮೇಲೆ ಗೊಬ್ಬರವನ್ನು ಹೊರತೆಗೆದು ನೆರಳಿನಲ್ಲಿ ಕೆಲವು ವಾರ ಮಾಗಿಸುವುದು ಲೇಸು. ಅರೆಕೊಳೆತ ಗೊಬ್ಬರವು ಬೇರಿಗೆ ಹಿತವಲ್ಲ.

ಮಲೆನಾಡಿನಲ್ಲಿ ಇದರ ಮುಖ್ಯ ನಿಯಮವು ಋತುವಿಗೆ ಸಂಬಂಧಿಸಿದೆ. ಆಷಾಢದಲ್ಲಿ ದರಕು ದೊರೆಯುವುದಿಲ್ಲ. ದೊರೆತರೂ ಅದು ನೆನೆದಿರುತ್ತದೆ. ಬೇಸಿಗೆಯಲ್ಲಿಯೇ ಗುಡಿಸಿ, ಚೀಲಗಳಲ್ಲಿ ತುಂಬಿ, ಮಾಡಿನ ಕೆಳಗೆ ಕೂಡಿಟ್ಟವನಿಗೆ ಮಾತ್ರ ಮಳೆಗಾಲದಲ್ಲಿ ಪೀಪಾಯಿಯು ಕೆಲಸ ಮಾಡುವುದು. ಪೀಪಾಯಿಯನ್ನೂ ಬಯಲಿನಲ್ಲಿಡದೆ, ಬರಿದಾದ ಕೊಟ್ಟಿಗೆಯಲ್ಲಿಯೇ ಇಡುವುದು ಯುಕ್ತ. ಬೆಲೆಯು ಅಧಿಕವೆಂದು ತೋರಿದರೆ, ಒಂದರೊಳಗೊಂದು ಹಿಡಿಸುವ ಎರಡು ಪೀಪಾಯಿಗಳ ನಡುವೆ ಭತ್ತದ ಉಮಿಯನ್ನು ಒಣಗಿರುವಂತೆ ಗಿಡಿದು ತುಂಬಿದರೂ ಕವಚದ ಉದ್ದೇಶವು ಬಹುಮಟ್ಟಿಗೆ ಈಡೇರುವುದು. ಉಮಿಯು ಶಾಖವನ್ನು ಸುಲಭವಾಗಿ ಹಾಯಗೊಡದ ವಸ್ತು.

೫. ಮಿತಿಗಳು

ಇನ್ನು ಇದರಿಂದ ತೋಟಕ್ಕೆ ಆಗುವ ಸಹಾಯವೆಷ್ಟು? ಅಡಕೆಯ ಮರವೊಂದಕ್ಕೆ ವರ್ಷಕ್ಕೆ ೧೨ ಕಿಲೋಗ್ರಾಂ ಹಸಿ ಸೊಪ್ಪು, ೧೨ ಕಿಲೋಗ್ರಾಂ ಗೊಬ್ಬರ ಬೇಕೆಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಮನೆಯೊಂದರಲ್ಲಿ ದಿನಕ್ಕೆ ಒಂದೂವರೆ ಕಿಲೋಗ್ರಾಂ ಕಸವೆಂದು ಹಿಡಿದರೆ ವರ್ಷಕ್ಕೆ ಸುಮಾರು ೫೫೦ ಕಿಲೋಗ್ರಾಂ. ಅದಕ್ಕೆ ದರಕನ್ನು ಸೇರಿಸಿ, ಕೊಳೆತು ಕುಗ್ಗುವುದನ್ನು ಕಳೆದು, ಮುನ್ನೂರು ಕಿಲೋಗ್ರಾಂ ಗೊಬ್ಬರವೆಂದು ಉದಾರವಾಗಿ ಎಣಿಸಿದರೂ ಅದು ಇಪ್ಪತ್ತೈದು ಮರಗಳಿಗೆ ಸಾಕು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಒಂದು ಎಕರೆ ತೋಟದಲ್ಲಿ ಐನೂರಕ್ಕೂ ಮಿಗಿಲಾದ ಮರಗಳಿರುತ್ತವೆ. ಪೀಪಾಯಿಯು ಎಕರೆಯ ಇಪ್ಪತ್ತನೆಯ ಒಂದು ಪಾಲನ್ನು ಮಾತ್ರ ಪೋಷಿಸಬಲ್ಲದು. ಹಿತ್ತಲಿನ ತರಕಾರಿಗೂ ಹೂಗಿಡಗಳಿಗೂ ಅದು ಧಾರಾಳ. ತೋಟಕ್ಕೆ ಅದು ಕೊಟ್ಟಿಗೆಯ ಸ್ಥಾನವನ್ನು ತುಂಬಲಾರದು.

ಅಡಕೆಯ ಸಿಪ್ಪೆಯನ್ನು ಹೆಚ್ಚಾಗಿ ಹಾಕುವುದೂ ಸಲ್ಲದು. ಅದರ ನಾರು ಬಹುಕಾಲ ಕರಗುವುದಿಲ್ಲ. ಕೊಳೆರೋಗದಿಂದ ಉದುರಿದ ಕಾಯಿಗಳ ವಿಷಯದಲ್ಲಿ ವಿಶೇಷ ಎಚ್ಚರವು ಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು ೧೯೧೦ರಲ್ಲಿ ಈ ರೋಗವನ್ನು ಕುರಿತು ಪ್ರಕಟಿಸಿದ ಪ್ರಬಂಧವು ಪ್ರಸಿದ್ಧವಾಗಿದೆ. ರೋಗವು ಶಿಲೀಂಧ್ರವನ್ನು ಹೋಲುವ ಒಂದು ಬಗೆಯ ಸೂಕ್ಷ್ಮಜೀವಿಯಿಂದ, ಮಳೆಗಾಲದ ತಂಪಿನಲ್ಲಿ ಹಬ್ಬುವುದು. ಇಂತಹ ಕಾಯಿಗಳನ್ನು ತಣ್ಣನೆಯ ತಿಪ್ಪೆಗೆ ಸೇರಿಸಿ ಅದೇ ಗೊಬ್ಬರವನ್ನು ತೋಟಕ್ಕೆ ಹಿಂದಿರುಗಿಸುವುದು ವಿವೇಕವಲ್ಲ. ಬಿಸಿಯು ನಿಜವಾಗಿ ಏರಿ ನಿಂತುದನ್ನು ಉಷ್ಣಮಾಪಕದಿಂದ ಕಂಡುಕೊಳ್ಳದೆ ಪೀಪಾಯಿಯನ್ನೂ ನಂಬಲಾಗದು.

೬. ಉಪಸಂಹಾರ

ಸಾಗರ ಹೊಸನಗರಗಳ ಹಳ್ಳಿಗಳಲ್ಲಿ ಆಶ್ವೀಜದ ಭೂಮಿ ಹುಣ್ಣಿಮೆಯಂದು, ಚಿತ್ರಿಸಿದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಅಡಿಗೆಯನ್ನು ಹೊತ್ತು ಗದ್ದೆಗೆ ಒಯ್ದು, ಬಸುರಿಯಾದ ಭೂಮಿಗೆ ಚರಗವನ್ನು ಬೀರುವ ಸಂಪ್ರದಾಯವಿದೆ. ಉಂಡುದರಲ್ಲಿ ಒಂದು ಪಾಲು ಮಣ್ಣಿಗೆ ಸಲ್ಲತಕ್ಕುದೆಂಬ ಭಾವನೆಯು ಇದರಲ್ಲಿ ಹಬ್ಬದ ರೂಪವನ್ನು ತಳೆದಿದೆ. ಆ ಒಂದು ದಿನದ ಭಾವನೆಯನ್ನು ಉಳಿದ ದಿನಗಳಲ್ಲಿ ನಡೆಸುತ್ತಿದ್ದುದು ಅಕ್ಕಚ್ಚಿನ ಮರಿಗೆ ಮತ್ತು ಕೊಟ್ಟಿಗೆ. ಅವು ಇಲ್ಲದ ಮನೆಯಲ್ಲಿ ಉರುಳು ಪೀಪಾಯಿಯು ಆ ಋಣವನ್ನು ಅಲ್ಪಪ್ರಮಾಣದಲ್ಲಿಯಾದರೂ ತೀರಿಸಬಲ್ಲದು. ದನಗಳಿರುವ ಮನೆಗೆ ಅದರ ಅವಶ್ಯಕತೆಯಿಲ್ಲ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ, ದೂರದೇಶದ ಪಾತ್ರೆಯನ್ನು ಕಂಡು ಬೆರಗಾಗಿ ಅದರ ತತ್ತ್ವವು ಮನೆಯ ಹಿಂದಣ ಕೊಟ್ಟಿಗೆಯಲ್ಲಿಯೇ ಇದ್ದುದನ್ನು ಮರೆಯುವುದು ಸಹಜ. ದರಕು, ಅಕ್ಕಚ್ಚು, ಸೊಪ್ಪಿನ ಬೆಟ್ಟ ಮುಂತಾದ ಶಬ್ದಗಳು ಮುಂದಿನ ವಿದ್ಯಾರ್ಥಿಗಳಿಗೆ ನಿಘಂಟಿನಿಂದ ಮಾತ್ರ ತಿಳಿಯಬೇಕಾದ ಕಾಲವು ದೂರವಿಲ್ಲ. ಅವುಗಳ ಅರ್ಥವನ್ನು ಹೇಳುವ ಅಧ್ಯಾಪಕನು ಪದಕ್ಕೆ ಪದವನ್ನಿಟ್ಟು ನಿಲ್ಲಿಸದೆ, ಬೆಟ್ಟದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ತೋಟಕ್ಕೆ ಹರಿಯುತ್ತಿದ್ದ ಸಾರದ ದಾರಿಯನ್ನು ತೋರಿಸಬೇಕಾಗುವುದು. ಪೀಪಾಯಿಗೂ ಬೇಕಾದುದು ಆ ದಾರಿಯೇ: ಬೆಟ್ಟದಲ್ಲಿ ಮರವಿದ್ದರೆ ದರಕು, ದರಕಿದ್ದರೆ ಗೊಬ್ಬರ.