ಹಟವೋ, ಹುಟ್ಟಿನ ಕೊರತೆಯೋ?

ಜಿರಾಫೆಯ ಕತ್ತಿನಲ್ಲಿ ಎಷ್ಟು ಮೂಳೆಗಳಿವೆ? ಏಳು. ಇಲಿಯ ಕತ್ತಿನಲ್ಲಿ? ಅಲ್ಲೂ ಏಳೇ! ಮನುಷ್ಯ, ಕುದುರೆ, ತಿಮಿಂಗಿಲಗಳದ್ದೂ ಇದೇ ಲೆಕ್ಕ. ಸ್ಲಾತ್, ಮನಾಟಿಯಂಥ ಬೆರಳೆಣಿಕೆಯ ಪ್ರಾಣಿಗಳನ್ನು ಬಿಟ್ಟರೆ ಸಸ್ತನಿಗಳೆಲ್ಲ ಈ ನಿಯಮಕ್ಕೆ ಬದ್ಧ.

ಆದರೆ ಸಂಖ್ಯೆ ಸರಿಯಿದ್ದರೂ ಆಕಾರ ತಪ್ಪಬಹುದು. ಕುದುರೆಯ ಕತ್ತಿನ ಆರನೆಯ ಕಶೇರುಮಣಿಯ ಅಡಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಹಲಗೆಯಂಥ ಚಾಚು ಇರುತ್ತದೆ. ಕತ್ತನ್ನು ಬಾಗಿಸುವ, ಅಲುಗದಂತೆ ಹಿಡಿದಿಡುವ ಸ್ನಾಯುವಿಗೆ ಇದೇ ಆಧಾರ. ಕೆಲವು ಕುದುರೆಗಳಲ್ಲಿ ಹುಟ್ಟಿನಿಂದಲೇ ಒಂದು ಚಾಚು ಇರುವುದಿಲ್ಲ. ಕೆಲವಕ್ಕೆ ಎರಡೂ ಇರುವುದಿಲ್ಲ. ಇನ್ನು ಕೆಲವುಗಳಲ್ಲಿ ಅದು ಜಾಗ ತಪ್ಪಿ ಏಳನೆಯ ಮಣಿಯಲ್ಲಿ ಮೂಡಿರುತ್ತದೆ! ಜೊತೆಗೆ ಮೊದಲ ಪಕ್ಕೆಲುಬು ವಿಕಾರವಾಗಿರುವುದೂ ಉಂಟು.

ಆಸ್ಟ್ರೇಲಿಯಾದ ಶರಾನ್ ಮೇ-ಡೇವಿಸ್ 2014ರಲ್ಲಿ ಈ ದೋಷವನ್ನು ವಿವರಿಸಿ, ಇದು ಥರೋಬ್ರೆಡ್ ತಳಿಯಲ್ಲಿ ಹೆಚ್ಚಾಗಿ ಕಾಣುತ್ತದೆಂದು ತೋರಿಸಿದರು. ಬೆಂಗಳೂರು, ಮೈಸೂರಿನ ರೇಸುಗಳಲ್ಲಿ ಓಡುವುದೂ ಇದೇ ತಳಿ. ಈ ತಳಿಯ ಗಂಡು ಸಂತತಿಯೆಲ್ಲ ಸುಮಾರು 300 ವರ್ಷಗಳ ಹಿಂದೆ ಇಂಗ್ಲೆಂಡಿಗೆ ಬಂದ ಮೂರೇ ಕುದುರೆಗಳ ವಂಶ. ಹೀಗಾಗಿ ದೋಷವು ವಂಶದಲ್ಲೇ ಹರಿದು ಬರುತ್ತಿರಬಹುದೆಂಬ ಶಂಕೆ ಬಲವಾಗಿದೆ.

ಇದರಿಂದ ಓಟಕ್ಕೇನು ತೊಂದರೆ? ಕತ್ತು ಎದೆಯನ್ನು ಸೇರುವ ಈ ಜಾಗದಿಂದಲೇ ಮುಂಗಾಲುಗಳಿಗೆ ನರಗಳು ಹೊರಡುತ್ತವೆ. ಇಲ್ಲಿ ಸಮತೋಲ ತಪ್ಪಿದರೆ ಕುದುರೆ ಎಡವಬಹುದು, ಕತ್ತನ್ನು ಒಂದು ಕಡೆ ತಿರುಗಿಸಲು ಒಪ್ಪದಿರಬಹುದು, ಸವಾರನನ್ನು ಹತ್ತಿಸಿಕೊಳ್ಳಲು ನಿರಾಕರಿಸಬಹುದು ಎಂಬುದು ಒಂದು ವಾದ. ಆದರೆ ವಿಜ್ಞಾನ ಅವಸರದ ತೀರ್ಪು ಕೊಡುವುದಿಲ್ಲ. ಯೂರೋಪಿನಲ್ಲಿ ವಾರ್ಮ್‌ಬ್ಲಡ್ ಕುದುರೆಗಳ ಎಕ್ಸ್‌ರೇಗಳನ್ನು ಹೋಲಿಸಿ ನೋಡಿದಾಗ, ಈ ವ್ಯತ್ಯಾಸಕ್ಕೂ ರೋಗಲಕ್ಷಣಗಳಿಗೂ ಸಂಬಂಧ ಕಾಣಲಿಲ್ಲ. ದೋಷವಿದ್ದೂ ಆರೋಗ್ಯವಾಗಿ ದುಡಿಯುವ ಕುದುರೆಗಳಿವೆ. ಅಂದರೆ, ಎಕ್ಸ್‌ರೇ ಒಂದನ್ನೇ ನೋಡಿ ಕುದುರೆಯನ್ನು ‘ಕೆಲಸಕ್ಕೆ ಬಾರದ್ದು’ ಎನ್ನುವಂತಿಲ್ಲ. ಅದರ ನಡಿಗೆ, ನೋವು, ನರಗಳ ಸ್ಥಿತಿ ಎಲ್ಲವನ್ನೂ ಪಶುವೈದ್ಯರು ಒಟ್ಟಾಗಿ ಪರೀಕ್ಷಿಸಬೇಕು.

ಹೊರಗಿನಿಂದ ಎಷ್ಟೇ ನೋಡಿದರೂ ಈ ಕೊರತೆ ಕಣ್ಣಿಗೆ ಬೀಳದು. ಕಾಣುವುದು ‘ಮೊಂಡಾಟ’ ಮಾತ್ರ. ಅದಕ್ಕೆ ಸಿಗುವುದು ಚಾಟಿಯೇಟು! ಚಾಟಿಯಿಂದ ಇಲ್ಲದ ಮೂಳೆ ಬೆಳೆಯುವುದಿಲ್ಲ, ನೋವು ಹೆಚ್ಚುತ್ತದೆ ಅಷ್ಟೆ.

ತರಗತಿಯಲ್ಲಿಯೂ ಅಷ್ಟೇ. ಬೋರ್ಡಿನ ಅಕ್ಷರ ಕಾಣದ ಮಗು ತಪ್ಪು ಬರೆದರೆ ಅದು ಸೋಮಾರಿತನವಲ್ಲ. ಗದರುವ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸೋಣ. ಮಕ್ಕಳಾದರೂ ಬಾಯಿಬಿಟ್ಟು ಹೇಳಿಯಾರು; ಕುದುರೆಗೆ ಆ ಅನುಕೂಲವೂ ಇಲ್ಲ.