ಹೊಸ ಬ್ಯಾಟರಿ ಹಾಕಿಸೋ ಮುಂಚೆ ಡೈನಮೋ ನೋಡಿ

ಬೆಳಿಗ್ಗೆ ಕೀ ತಿರುಗಿಸಿದರೆ ‘ಕಟ್ ಕಟ್’ ಅನ್ನೋ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಓಣಿಯ ಹುಡುಗರು ನಾಲ್ಕು ಜನ ಸೇರಿ ತಳ್ಳಿದ ಮೇಲೆ ಗಾಡಿ ಸ್ಟಾರ್ಟ್. ‘ಬ್ಯಾಟರಿ ಹೋಗೈತಿ, ಬದಲಿಸಿಬಿಡ್ರಿ’ ಅಂತ ಅವರಲ್ಲೇ ಒಬ್ಬನ ಸಲಹೆ. ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸಿದ್ದೂ ಆಯ್ತು. ಮೂರು ದಿನ ಚೆನ್ನಾಗಿ ಓಡಿದ ಕಾರು ನಾಲ್ಕನೇ ದಿನ ಮತ್ತೆ ಅದೇ ‘ಕಟ್ ಕಟ್’!

ಎಷ್ಟೋ ಸಲ ತಪ್ಪು ಬ್ಯಾಟರಿದಲ್ಲ, ಅದನ್ನು ತುಂಬಿಸೋ ಆಲ್ಟರ್ನೇಟರ್‌ದು. ನಮ್ಮ ಕಡೆ ಮನೆ ಮೇಲಿನ ನೀರಿನ ಟ್ಯಾಂಕು, ಕೆಳಗಿನ ಬೋರ್‌ವೆಲ್ ಮೋಟರು ಇದ್ದ ಹಾಗೆ. ಮೋಟರ್ ಕೆಟ್ಟಿದ್ದಾಗ ಹೊಸ ಟ್ಯಾಂಕ್ ಕೂರಿಸಿದರೆ ನೀರು ಬಂದೀತೇ?

ಹೆಸರು ಡೈನಮೋ, ಕೆಲಸ ಬೇರೆ

ಗ್ಯಾರೇಜುಗಳಲ್ಲಿ ಇದಕ್ಕೆ ಈಗಲೂ ‘ಡೈನಮೋ’ ಅಂತಲೇ ಅನ್ನೋದು. ಹಳೆಯ ಅಂಬಾಸಿಡರ್ ಕಾಲದಲ್ಲಿ ಇದ್ದದ್ದು ನಿಜವಾಗಿ ಡೈನಮೋನೇ. ಎಂಜಿನ್ ನಿಧಾನವಾಗಿ ತಿರುಗುವಾಗ ಅದು ಸರಿಯಾಗಿ ಚಾರ್ಜ್ ಮಾಡುತ್ತಿರಲಿಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು. ನಂತರ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ವಸ್ತು ಬದಲಾಯಿತು, ಹೆಸರು ಉಳಿಯಿತು.

ಎಂಜಿನ್ ಬೆಲ್ಟ್ ಇದನ್ನು ತಿರುಗಿಸುತ್ತದೆ. ಒಳಗೆ ಹುಟ್ಟೋದು ಎಸಿ ಕರೆಂಟ್. ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ವೋಲ್ಟೇಜ್ ಹೆಚ್ಚೂಕಡಿಮೆ ಆಗದ ಹಾಗೆ ರೆಗ್ಯುಲೇಟರ್ ಕಾಯುತ್ತದೆ. ಒಳಗೆ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋದು ಕಾರ್ಬನ್ ಬ್ರಷ್. ಪೆನ್ಸಿಲ್ ಹಾಗೆ ಸವೆಯುತ್ತಾ ಹೋಗೋದು ಅದರ ಗುಣ. ಕೆಟ್ಟರೆ ಸಾಮಾನ್ಯವಾಗಿ ಕೆಡೋದು ಇವುಗಳಲ್ಲೇ ಒಂದು, ಇಲ್ಲವೇ ಬೇರಿಂಗ್.

ನಮ್ಮ ದಾರಿಗಳ ಲೆಕ್ಕ

ಕುಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿದ ಐದು ತಾಲ್ಲೂಕುಗಳು ಇವೇ. ಬೇಸಿಗೆಯ ಬಿಸಿಲಿಗೆ ಬ್ಯಾಟರಿ ಬೇಗ ಮುದಿಯಾಗುತ್ತದೆ. ಧೂಳು ಬ್ರಷ್, ಬೇರಿಂಗ್‌ಗಳನ್ನು ಸವೆಸುತ್ತದೆ.

ಕೊಟ್ಟೂರೇಶ್ವರನ ತೇರು, ಮೈಲಾರದ ಕಾರ್ಣಿಕದ ದಿನಗಳನ್ನು ನೆನಪಿಸಿಕೊಳ್ಳಿ. ಗಾಡಿ ಆಮೆ ಹಾಗೆ ತೆವಳುತ್ತಿರುತ್ತದೆ, ಒಳಗೆ ಎಸಿ, ಹೊರಗೆ ಹೆಡ್‌ಲೈಟ್. ಎಂಜಿನ್ ನಿಧಾನ ಇದ್ದಾಗ ಆಲ್ಟರ್ನೇಟರ್ ಕೊಡೋದೂ ಕಡಿಮೆ. ಅರ್ಧ ಕೆಟ್ಟ ಡೈನಮೋ ಹೈವೇ ಮೇಲೆ ಬಚಾವಾದರೂ ಜಾತ್ರೆಯಲ್ಲಿ ಸಿಕ್ಕಿಬೀಳುತ್ತದೆ.

ಮನೆ ಮುಂದೆಯೇ ಮಾಡಬಹುದಾದ ಪರೀಕ್ಷೆ

1. ಕೆಂಪು ದೀಪ: ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹೊತ್ತಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಓಡುವಾಗಲೂ ಉರಿಯುತ್ತಿದ್ದರೆ ಚಾರ್ಜ್ ಆಗುತ್ತಿಲ್ಲ ಅಂತ ಅರ್ಥ. ‘ಬ್ಯಾಟರಿ ಹಳೇದಾಗಿದೆ’ ಅಂತ ಹೇಳೋ ದೀಪ ಅಲ್ಲ ಅದು. ಕೀ ಆನ್ ಮಾಡಿದಾಗ ದೀಪ ಹೊತ್ತದೇ ಇದ್ದರೂ ಅನುಮಾನ ಪಡಿ. ಬಲ್ಬ್, ಫ್ಯೂಸ್ ಅಥವಾ ವೈರ್ ಹೋಗಿರಬಹುದು. ಎಷ್ಟೋ ಹಳೆಯ ಕಾರುಗಳಲ್ಲಿ ಆಲ್ಟರ್ನೇಟರ್ ಕೆಲಸ ಶುರು ಮಾಡೋಕೆ ಆ ದೀಪದ ದಾರಿಯಲ್ಲಿ ಬರೋ ಕರೆಂಟೇ ಬೇಕು.

2. ಬೆಲ್ಟ್: ಎಂಜಿನ್ ಆಫ್ ಮಾಡಿ ಬಾನೆಟ್ ತೆಗೆಯಿರಿ. ಬೆಲ್ಟ್ ಬಿರುಕು ಬಿಟ್ಟಿದೆಯಾ, ಸಡಿಲ ಇದೆಯಾ, ಎಣ್ಣೆ ಹತ್ತಿದೆಯಾ ನೋಡಿ. ಸ್ಟಾರ್ಟ್ ಮಾಡಿದ ಕೂಡಲೇ ‘ಕೀಂಯ್’ ಅಂತ ಕಿರುಚುತ್ತಿದ್ದರೆ ಬೆಲ್ಟ್ ಜಾರುತ್ತಿರಬಹುದು.

3. ಟರ್ಮಿನಲ್: ಬ್ಯಾಟರಿ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ಸರಿಯಾಗಿ ಹರಿಯಲ್ಲ. ಎಂಜಿನ್ ಆಫ್ ಇದ್ದಾಗ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ. ಮೊದಲು ಪ್ಲಸ್, ಕೊನೆಗೆ ಮೈನಸ್ ಹಾಕಿ ಬಿಗಿ ಮಾಡಿ.

4. ಮಲ್ಟಿಮೀಟರ್: ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಿಸಿ 20 ವೋಲ್ಟ್‌ಗೆ ಇಟ್ಟು ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ಬಂದರೆ ಬ್ಯಾಟರಿ ತುಂಬಿದೆ; 12ರ ಕೆಳಗೆ ಇಳಿದಿದ್ದರೆ ಖಾಲಿ. ಈಗ ಸ್ಟಾರ್ಟ್ ಮಾಡಿ ಅಳೆಯಿರಿ. 13.8ರಿಂದ 14.5ರ ಒಳಗೆ ಬಂದರೆ ಚಾರ್ಜಿಂಗ್ ಸರಿ. 12ರ ಆಸುಪಾಸಲ್ಲೇ ನಿಂತು, ಹೆಡ್‌ಲೈಟ್ ಹಾಕಿದಾಗ ಇನ್ನೂ ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಮೇಲೆ ಅನುಮಾನ. ಬ್ಯಾಟರಿ ಕುದಿದು ಕೊಳೆತ ಮೊಟ್ಟೆ ವಾಸನೆ ಬರಬಹುದು.

ಒಂದು ವಿನಾಯಿತಿ ಇದೆ. ಈಚಿನ ಕೆಲವು ಕಾರುಗಳಲ್ಲಿ ಬ್ಯಾಟರಿ ತುಂಬಿದ್ದರೆ ಇಂಧನ ಉಳಿಸಲು ಕಂಪ್ಯೂಟರೇ ಚಾರ್ಜಿಂಗ್ ತಗ್ಗಿಸುತ್ತದೆ. ಅಂಥ ಕಾರಿನಲ್ಲಿ ಹೆಡ್‌ಲೈಟ್, ಬ್ಲೋವರ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ವೋಲ್ಟೇಜ್ ಮೇಲೇರಿದರೆ ಚಿಂತೆ ಬೇಡ.

ಎಂಜಿನ್ ಓಡುವಾಗ ದುಪಟ್ಟಾ, ಟವೆಲ್, ಕೊರಳಿನ ಐಡಿ ಕಾರ್ಡ್ ಬೆಲ್ಟಿನ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ.

ಇದನ್ನು ಮಾತ್ರ ಮಾಡಬೇಡಿ

‘ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ನೋಡಿ, ಗಾಡಿ ನಿಲ್ಲಲಿಲ್ಲ ಅಂದ್ರೆ ಡೈನಮೋ ಸರಿ ಐತಿ’ ಅನ್ನೋದು ಹಳೆಯ ವಿದ್ಯೆ. ಈಗಿನ ಕಾರಿನಲ್ಲಿ ಹಾಗೆ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಯು ಸುಟ್ಟೀತು. ಡೈನಮೋ ರಿಪೇರಿಗಿಂತ ಅದೇ ದೊಡ್ಡ ಖರ್ಚು.

ದಾರಿಯಲ್ಲೇ ಕೆಂಪು ದೀಪ ಬಂದರೆ?

ಮೊದಲು ಟೆಂಪರೇಚರ್ ಮುಳ್ಳು ನೋಡಿ. ಎಷ್ಟೋ ಕಾರುಗಳಲ್ಲಿ ವಾಟರ್ ಪಂಪ್ ತಿರುಗಿಸೋದೂ ಅದೇ ಬೆಲ್ಟ್. ಅದು ಹರಿದಿದ್ದರೆ ಎಂಜಿನ್ ಕಾಯ್ದು ಸೀಜ್ ಆದೀತು, ಅಲ್ಲೇ ನಿಲ್ಲಿಸಿ. ಪವರ್ ಸ್ಟೀರಿಂಗ್ ಬಿಗಿಯಾದರೂ ನಿಧಾನಕ್ಕೆ ರಸ್ತೆ ಪಕ್ಕಕ್ಕೆ ತನ್ನಿ.

ಬೆಲ್ಟ್ ಸರಿ ಇದ್ದರೆ ಇನ್ನು ಗಾಡಿ ಓಡೋದು ಬ್ಯಾಟರಿಯಲ್ಲಿ ಉಳಿದ ಕರೆಂಟಿನಲ್ಲಿ. 45 ಆಂಪಿಯರ್-ಅವರ್‌ನ ಒಳ್ಳೆ ಬ್ಯಾಟರಿ, ಹೆಡ್‌ಲೈಟ್ ಎಲ್ಲ ಸೇರಿ 20–25 ಆಂಪಿಯರ್ ಖರ್ಚು ಅಂದುಕೊಂಡರೂ ಒಂದು ಗಂಟೆಗಿಂತ ಹೆಚ್ಚು ನಂಬಬೇಡಿ. ಎಸಿ, ಮ್ಯೂಸಿಕ್, ಮೊಬೈಲ್ ಚಾರ್ಜರ್ ಬಂದ್ ಮಾಡಿ ಹತ್ತಿರದ ಊರು ಸೇರಿಕೊಳ್ಳಿ. ಮಧ್ಯೆ ಚಹಾಕ್ಕೆ ಅಂತ ಎಂಜಿನ್ ಆಫ್ ಮಾಡಿದರೆ ಮತ್ತೆ ಸೆಲ್ಫ್ ಹೊಡೆಯೋಷ್ಟು ಕರೆಂಟ್ ಉಳಿದಿರಲ್ಲ.

ರಾತ್ರಿಯಾದರೆ ಹೆಡ್‌ಲೈಟ್ ಉಳಿಸೋ ಸಾಹಸ ಬೇಡ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್, ಚಕ್ಕಡಿ, ಗುಡೇಕೋಟೆ ಕಡೆಯಾದರೆ ಕರಡಿ. ಯಾವುದು ಎದುರಾದೀತೋ ಗೊತ್ತಿಲ್ಲ. ಬೆಳಕು ಮಂಕಾಗುತ್ತಿದ್ದರೆ ಪೆಟ್ರೋಲ್ ಬಂಕೋ ಡಾಬಾನೋ ನೋಡಿ ನಿಲ್ಲಿಸಿ, ಮನೆಗೆ ಫೋನ್ ಮಾಡಿ.

ಗ್ಯಾರೇಜಿನಲ್ಲಿ ಏನು ಕೇಳಬೇಕು?

‘ಬ್ಯಾಟರಿ ಪ್ರಾಬ್ಲಂ’ ಅಂತ ಶುರು ಮಾಡಬೇಡಿ. ‘ಅಣ್ಣಾ, ಎಂಜಿನ್ ಓಡುವಾಗ 12.2 ತೋರಿಸ್ತೈತಿ, ಡೈನಮೋ ಹಿಂದಿನ ದಪ್ಪ ವೈರಿನಾಗೂ ಅಳೆದು ನೋಡ್ರಿ’ ಅನ್ನಿ. ಅಲ್ಲಿ 14 ಇದ್ದು ಬ್ಯಾಟರಿಯಲ್ಲಿ 12 ಇದ್ದರೆ ಡೈನಮೋ ತಪ್ಪಿಲ್ಲ. ನಡುವಿನ ವೈರು, ಫ್ಯೂಸ್, ಅರ್ತಿಂಗ್ ಪೈಕಿ ಏನೋ ಕೆಟ್ಟಿದೆ. ಎರಡೂ ಕಡೆ 12 ಬಂದರೆ ಆಗ ಡೈನಮೋ ಬಿಚ್ಚಲಿ. ಬ್ರಷ್ ಸವೆದಿದ್ದರೆ ಅಥವಾ ರೆಗ್ಯುಲೇಟರ್ ಹೋಗಿದ್ದರೆ ಅದಷ್ಟೇ ಬದಲಿಸಿದರೆ ಸಾಕಾಗಬಹುದು, ಇಡೀ ಸೆಟ್ ಬೇಕಾಗಲ್ಲ. ಬದಲಿಸಿದ ಹಳೆಯ ಸಾಮಾನು ಕೇಳಿ ಪಡೆಯಿರಿ.

ರಿಪೇರಿ ಆದ ಮೇಲೆ ಖಾಲಿಯಾದ ಬ್ಯಾಟರಿಯನ್ನು ಅಂಗಡಿಯಲ್ಲಿ ಚಾರ್ಜಿಗೆ ಹಾಕಿಸಿ. ಪೂರ್ತಿ ಸತ್ತ ಬ್ಯಾಟರಿ ತುಂಬಿಸೋ ಭಾರವನ್ನು ಹೊಸದಾಗಿ ರಿಪೇರಿಯಾದ ಡೈನಮೋ ಮೇಲೆ ಹಾಕಬಾರದು. ಚಾರ್ಜ್ ಆದ ಮೇಲೂ ಬ್ಯಾಟರಿ ಒಂದು ರಾತ್ರಿ ತಡೆಯದೇ ಇದ್ದರೆ, ಒಳಗಿನ ಯಾವುದಾದರೂ ದೀಪ ಅಥವಾ ಹೊರಗಿಂದ ಹಾಕಿಸಿದ ಸ್ಟೀರಿಯೋ ಕರೆಂಟ್ ಕುಡಿಯುತ್ತಿದೆಯಾ ಅಂತ ನೋಡಿಸಿ. ಅದೂ ಇಲ್ಲ ಅಂದರೆ ಹೊಸ ಬ್ಯಾಟರಿ ತನ್ನಿ. ಆಗ ಕೊಟ್ಟ ದುಡ್ಡು ದಂಡ ಆಗಲ್ಲ.